ನಡುದಾರಿಯ ದೇಶದಲ್ಲಿ ತಾರೀಖು ಕಾಯುವ ಕೆಲಸ

(ದಾವಣಗೆರೆಯಲ್ಲಿ ವಕೀಲರು, ಶಾಲಾ ಶಿಕ್ಷಕರು ಮತ್ತು ಸಮಾಜಕಾರ್ಯ ವಿದ್ಯಾರ್ಥಿಗಳ ಮುಂದೆ, ನಿರಾಶ್ರಿತರಿಗೆ ನೆರವಾಗುವುದು ಹೇಗೆ ಎಂಬ ಬಗ್ಗೆ ಆಡಿದ ಮಾತಿನ ಬರಹ ರೂಪ. ಆಡುವಾಗ ಬಿಟ್ಟುಹೋದ ಒಂದೆರಡು ವಿವರ ಸೇರಿಸಿದೆ.)

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ಆಗ ನಮ್ಮ ಚನ್ನಗಿರಿ ತಾಲ್ಲೂಕಿನ ಕೆಲವು ಹಕ್ಕಿಪಿಕ್ಕಿ ಜನ ಅಲ್ಲಿಯೇ ಸಿಕ್ಕಿಕೊಂಡಿದ್ದರು. ಗಿಡಮೂಲಿಕೆ ಔಷಧಿ, ತಲೆಗೆ ಹಚ್ಚುವ ಎಣ್ಣೆ ಮಾರಲು ಹೋದವರು. ಹುಣಸೂರು, ಶಿವಮೊಗ್ಗ ಕಡೆಯವರೂ ಜೊತೆಗಿದ್ದರು. ಒಂಬತ್ತು ದಿನ ಕಳೆಯುವಷ್ಟರಲ್ಲಿ ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಶುರುಮಾಡಿತು. ಪೋರ್ಟ್ ಸುಡಾನ್‌ನಿಂದ ಕೆಂಪು ಸಮುದ್ರ ದಾಟಿ ಜೆಡ್ಡಾಕ್ಕೆ, ಅಲ್ಲಿಂದ ವಿಮಾನದಲ್ಲಿ ಭಾರತಕ್ಕೆ ಕರೆತಂದರು. ದಿಗಿಲು, ಹಸಿವು, ಬಾಯಾರಿಕೆ ಎಲ್ಲ ಪಟ್ಟರು, ಆದರೆ ಕರೆದುಕೊಂಡು ಹೋಗಲು ಒಂದು ದೇಶ ಬಂತು.

ಅವರಿಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಸುಡಾನಿನವರ ಗತಿ ಏನು? ಅದೇ ಗುಂಡು, ಅದೇ ರಸ್ತೆ, ಹಡಗು ಮಾತ್ರ ಇಲ್ಲ. ಲಕ್ಷಾಂತರ ಜನ ಗಡಿ ದಾಟಿ ಚಾಡ್‌ಗೆ, ಈಜಿಪ್ಟಿಗೆ ಹೋದರು. ಹೆಂಗಸರು, ಮಕ್ಕಳು, ವಯಸ್ಸಾದ ಗಂಡಸರು ಮೊದಮೊದಲು ವೀಸಾ ಇಲ್ಲದೆ ಈಜಿಪ್ಟಿನೊಳಗೆ ಹೋಗಬಹುದಿತ್ತು. ಜೂನ್‌ನಲ್ಲಿ ಎಲ್ಲರಿಗೂ ವೀಸಾ ಕಡ್ಡಾಯವಾಯಿತು. ಅಲ್ಲಿಗೆ ತಲುಪಿದವರಲ್ಲಿ ಬಹಳ ಜನರಿಗೆ ಅಲ್ಲೇ ನೆಲೆಸುವ ಆಸೆ ಇಲ್ಲ, ನೆಲೆಸಲು ಸುಲಭದ ದಾರಿಯೂ ಇಲ್ಲ. ಹಿಂದಕ್ಕೆ ಹೋದರೆ ಜೀವಕ್ಕೆ ಅಪಾಯ, ಮುಂದಕ್ಕೆ ಹೋಗಲು ಯಾರೋ ಕರೆಯಬೇಕು. ಇಂಥ ಜಾಗಕ್ಕೆ ಟ್ರಾನ್ಸಿಟ್ ದೇಶ ಅನ್ನುತ್ತಾರೆ. ನಾವು ನಡುದಾರಿಯ ದೇಶ ಅನ್ನೋಣ. ಬಸ್ಸು ಬದಲಿಸುವ ನಿಲ್ದಾಣ ಅಂತ ಹೆಸರು, ಆದರೆ ಮುಂದಿನ ಬಸ್ಸು ಐದು ವರ್ಷಕ್ಕೋ ಹದಿನೈದು ವರ್ಷಕ್ಕೋ. ಬರದೆಯೂ ಇರಬಹುದು.

ಅಫ್ಘಾನಿಸ್ತಾನ, ಮ್ಯಾನ್ಮಾರ್, ಸೊಮಾಲಿಯಾ ಮುಂತಾದ ಕಡೆಯಿಂದ ಬಂದ ಬಹಳ ಜನರಿಗೆ ಭಾರತವೂ ಇಂಥದೇ ನಿಲ್ದಾಣ. ಹೊಟ್ಟೆಗೆ ಹಾಕುವುದು, ಬಟ್ಟೆ ಕೊಡುವುದು ನಮ್ಮ ಜನಕ್ಕೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ದಾಸೋಹದ ಮಠಗಳಿರುವ ಸೀಮೆ ಇದು. ಆದರೆ ನಡುದಾರಿಯಲ್ಲಿ ನಿಂತವರನ್ನು ಹಸಿವಿಗಿಂತ ಹೆಚ್ಚಾಗಿ ಕೆಡಿಸುವುದು ತಪ್ಪಿಹೋದ ತಾರೀಖು, ತಾಳೆಯಾಗದ ಹೆಸರು, ಸತ್ತುಹೋದ ಫೋನ್ ನಂಬರು. ಅದಕ್ಕೇ ಇವತ್ತಿನ ಮಾತೆಲ್ಲ ಕಾಗದ ಮತ್ತು ಕ್ಯಾಲೆಂಡರಿನ ಸುತ್ತ ಇರುತ್ತದೆ. ಒಣ ವಿಷಯ ಅನ್ನಿಸಿದರೆ ಸಹಿಸಿಕೊಳ್ಳಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನಿರಾಶ್ರಿತರು ಅಂದ ಕೂಡಲೇ ನಮಗೆ ನೆನಪಾಗುವುದು ಬೈಲಕುಪ್ಪೆ, ಮುಂಡಗೋಡು. 1966ರಲ್ಲಿ ಮುಂಡಗೋಡಿನ ಟಿಬೆಟನ್ ಕಾಲೊನಿ ಶುರುವಾದಾಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಸಿಂಧನೂರಿನ ಆರ್.ಎಚ್. ಅನ್ನುವ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದವರ ಮೊಮ್ಮಕ್ಕಳು ಇವತ್ತು ಭತ್ತ ಬೆಳೆಯುತ್ತಿದ್ದಾರೆ. ಇವೆಲ್ಲ ಸರ್ಕಾರವೇ ನಿಂತು ಜಮೀನು ಕೊಟ್ಟು ಊರು ಕಟ್ಟಿಸಿದ ಕಥೆಗಳು. ಟಿಬೆಟಿನವರ ಕೈಯಲ್ಲಿ ಸರ್ಕಾರವೇ ಕೊಟ್ಟ ನೋಂದಣಿ ಪತ್ರವಿದೆ, ಶ್ರೀಲಂಕಾ ತಮಿಳರಿಗೆ ತಮಿಳುನಾಡಿನಲ್ಲಿ ಶಿಬಿರಗಳಿವೆ. ಒಬ್ಬ ಸೊಮಾಲಿ ಹೆಂಗಸಿಗೋ ಮ್ಯಾನ್ಮಾರಿನ ಚಿನ್ ಜನಾಂಗದ ಕುಟುಂಬಕ್ಕೋ ಈ ವ್ಯವಸ್ಥೆ ಇಲ್ಲ. ಅವರು ಹೋಗಬೇಕಾದ್ದು ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನ್ ಕಚೇರಿಗೆ, ಅಂದರೆ ಯು.ಎನ್.ಎಚ್.ಸಿ.ಆರ್.ಗೆ. ದಾವಣಗೆರೆಯಿಂದ ಒಂದೂವರೆ ದಿನದ ರೈಲು.

ಕಾನೂನಿನ ಚಿತ್ರ ಚುಟುಕಾಗಿ ಹೇಳುತ್ತೇವೆ. ನಿರಾಶ್ರಿತರ ಕುರಿತ 1951ರ ಒಪ್ಪಂದಕ್ಕಾಗಲಿ, ಅದರ 1967ರ ಪ್ರೋಟೊಕಾಲ್‌ಗಾಗಲಿ ಭಾರತ ಸಹಿ ಹಾಕಿಲ್ಲ. ಪ್ರತ್ಯೇಕ ನಿರಾಶ್ರಿತರ ಕಾಯ್ದೆಯೂ ಇಲ್ಲ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಈಗ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ, ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿ. ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಬಂದರೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವೀಸಾ ಮುಗಿದ ಮೇಲೂ ಉಳಿದರೆ 3 ವರ್ಷ, 3 ಲಕ್ಷದವರೆಗೆ. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನದಿಂದ 2024ರ ಡಿಸೆಂಬರ್ 31ರೊಳಗೆ ಬಂದ ಅಲ್ಲಿನ ಆರು ಅಲ್ಪಸಂಖ್ಯಾತ ಸಮುದಾಯದವರಿಗೆ (ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತ) ಇದರಿಂದ ವಿನಾಯಿತಿ ಇದೆ. ಉಳಿದವರಿಗೆ ಯು.ಎನ್.ಎಚ್.ಸಿ.ಆರ್. ಕೊಡುವ ಗುರುತಿನ ಕಾರ್ಡ್, ಅಂದರೆ ಯು.ಎನ್. ಕಾರ್ಡ್, ರಕ್ಷಾಕವಚವಲ್ಲ. ಪೊಲೀಸರೊಬ್ಬರು ಅದನ್ನು ನೋಡಿ ಬಿಟ್ಟುಬಿಡಬಹುದು, ಇನ್ನೊಬ್ಬರು ಇದೇನು ಅಂತ ಕೇಳಬಹುದು.

ಸಂವಿಧಾನ ಮಾತ್ರ ಒಂದು ಬಾಗಿಲು ತೆರೆದಿಟ್ಟಿದೆ. 14 ಮತ್ತು 21ನೇ ವಿಧಿಗಳಲ್ಲಿರುವ ಪದ ‘ವ್ಯಕ್ತಿ’, ‘ನಾಗರಿಕ’ ಅಲ್ಲ. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದು, ಅವರ ಜೀವ ಕಾಯುವುದು ರಾಜ್ಯದ ಹೊಣೆ ಎಂದಿತು. ಆದರೆ 2021ರ ಏಪ್ರಿಲ್‌ನಲ್ಲಿ ರೋಹಿಂಗ್ಯಾ ಪ್ರಕರಣದಲ್ಲಿ ಅದೇ ಕೋರ್ಟ್, ಗಡಿಪಾರಾಗದಿರುವ ಹಕ್ಕು ದೇಶದಲ್ಲಿ ನೆಲೆಸುವ ಹಕ್ಕಿನ ಜೊತೆಗೆ ಬರುವಂಥದ್ದು, ಅದು ನಾಗರಿಕರಿಗೆ ಮಾತ್ರ ಎಂದು ಹೇಳಿ ಗಡಿಪಾರಿಗೆ ತಡೆ ಕೊಡಲಿಲ್ಲ. ಮರುತಿಂಗಳೇ ಮಣಿಪುರ ಹೈಕೋರ್ಟ್ ಮ್ಯಾನ್ಮಾರಿನಿಂದ ಬಂದ ಏಳು ಜನರಿಗೆ ದೆಹಲಿಗೆ ಹೋಗಿ ಯು.ಎನ್. ಕಚೇರಿ ಮುಟ್ಟಲು ದಾರಿ ಬಿಡಿಸಿತು. ಇಲ್ಲಿರುವ ವಕೀಲರು ಮೂರೂ ತೀರ್ಪನ್ನು ಒಟ್ಟಿಗೆ ಓದಬೇಕು. ಒಂದನ್ನೇ ಓದಿಕೊಂಡು ಕಕ್ಷಿದಾರರಿಗೆ ಧೈರ್ಯ ಹೇಳುವುದೂ ತಪ್ಪು, ಹೆದರಿಸುವುದೂ ತಪ್ಪು.

ಬೇರೆ ನಡುದಾರಿ ದೇಶಗಳ ನಿಯಮ ಬೇರೆ. ಟರ್ಕಿಯಲ್ಲಿ 2018ರ ಸೆಪ್ಟೆಂಬರ್‌ನಿಂದ ನೋಂದಣಿಯ ಕೆಲಸ ಯು.ಎನ್. ಕೈಬಿಟ್ಟು ಸರ್ಕಾರದ ಕೈಗೆ ಹೋಗಿದೆ. ನಿಗದಿ ಮಾಡಿದ ಪ್ರಾಂತ್ಯದಲ್ಲೇ ಇರಬೇಕು, ಪಕ್ಕದ ಪ್ರಾಂತ್ಯಕ್ಕೆ ಹೋಗಲೂ ಪರವಾನಗಿ ಬೇಕು. ಇಂಡೊನೇಷ್ಯಾದಲ್ಲಿ ಇರಲು ಬಿಡುತ್ತಾರೆ, ದುಡಿಯಲು ಬಿಡುವುದಿಲ್ಲ. ಅಲ್ಲಿನವರು ಕಾಯುತ್ತಿದ್ದದ್ದು ಆಸ್ಟ್ರೇಲಿಯಾಕ್ಕಾಗಿ. ಜಕಾರ್ತದಲ್ಲಿ 2014ರ ಜುಲೈ 1ರಿಂದ ಈಚೆಗೆ ನೋಂದಾಯಿಸಿಕೊಂಡವರನ್ನು ತಾನು ತೆಗೆದುಕೊಳ್ಳುವುದಿಲ್ಲ ಅಂತ ಆಸ್ಟ್ರೇಲಿಯಾ ಹೇಳಿಬಿಟ್ಟಿತು. ಒಂದೇ ಒಂದು ತಾರೀಖು, ಆ ಕಡೆ ಬಿದ್ದವರ ಬದುಕು ಒಂದು ಥರ, ಈ ಕಡೆಯವರದು ಇನ್ನೊಂದು ಥರ.

ಈಗ ಕೆಲಸದ ವಿಷಯ.

ದೆಹಲಿ ಕಚೇರಿಯಲ್ಲಿ ಮೊದಲ ಹೆಜ್ಜೆ ನೋಂದಣಿ. ಮನೆಮಂದಿಯೆಲ್ಲರ ಹೆಸರು, ಹುಟ್ಟಿದ ದಿನ, ಫೋಟೊ, ಬಂದ ದಾರಿ ದಾಖಲಾಗುತ್ತದೆ. ಆಮೇಲೆ ‘ಪರಿಶೀಲನೆಯಲ್ಲಿದೆ’ ಎನ್ನುವ ಪ್ರಮಾಣಪತ್ರ ಸಿಗುತ್ತದೆ. ಮುಂದೆ ದೊಡ್ಡ ಸಂದರ್ಶನ. ಅದರಲ್ಲಿ ಒಪ್ಪಿಗೆಯಾದರೆ ನಿರಾಶ್ರಿತರ ಕಾರ್ಡ್. ತಿರಸ್ಕಾರವಾದರೆ ಮೇಲ್ಮನವಿಗೆ ಸಾಮಾನ್ಯವಾಗಿ 30 ದಿನ. ಎಲ್ಲ ಕಾರ್ಡುಗಳಿಗೂ ಅವಧಿ ಇದೆ, ಮುಗಿಯುವ ಮೊದಲೇ ನವೀಕರಿಸಬೇಕು. ನೋಂದಣಿಯಿಂದ ಹಿಡಿದು ವಿಮಾನ ಹತ್ತುವ ತನಕ ಯು.ಎನ್.ನ ಯಾವ ಸೇವೆಗೂ ಒಂದು ರೂಪಾಯಿ ಶುಲ್ಕವಿಲ್ಲ. ದುಡ್ಡು ಕೊಟ್ಟರೆ ಫೈಲು ಮುಂದೆ ಓಡಿಸುತ್ತೇನೆ ಅನ್ನುವವನು ಎಷ್ಟೇ ನಯವಾಗಿ ಮಾತಾಡಲಿ, ಬ್ರೋಕರ್ರೇ.

ಸಂದರ್ಶನದಲ್ಲಿ ನೋಡುವುದು ಒಂದೇ ವಿಷಯ: ಊರಿಗೆ ಮರಳಿದರೆ ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದರ ಕಾರಣಕ್ಕೆ ಕಿರುಕುಳವಾಗುವ ಭಯ ಇದೆಯೇ, ಆ ಭಯಕ್ಕೆ ಆಧಾರವಿದೆಯೇ? ಬಡತನ ಈ ಪಟ್ಟಿಯಲ್ಲಿಲ್ಲ. ಬರಗಾಲವೂ ಇಲ್ಲ. ಕೇಳಲು ಕಠಿಣ, ಆದರೆ ಅದನ್ನು ಮುಚ್ಚಿಟ್ಟು ಸುಳ್ಳು ಭರವಸೆ ಕೊಡಬಾರದು. ಅದಕ್ಕಿಂತ ದೊಡ್ಡ ತಪ್ಪೆಂದರೆ ಕಥೆ ಹೇಳಿಕೊಡುವುದು. ‘ಹೀಗೆ ಹೇಳು, ಆಗ ಒಪ್ಪುತ್ತಾರೆ’ ಅಂತ ಹಿತೈಷಿಗಳೇ ಹೇಳುತ್ತಾರೆ. ಒಂದೇ ಬಾಯಿಂದ ಕಲಿತ ಹತ್ತು ಕಥೆ ಕೇಳಿದ ಅಧಿಕಾರಿಗೆ ಹನ್ನೊಂದನೆಯದು ನಿಜವಾಗಿದ್ದರೂ ಅನುಮಾನ ಬರುತ್ತದೆ. ನಮ್ಮ ಕೆಲಸ ಕಥೆ ಕಟ್ಟುವುದಲ್ಲ, ಅವರದೇ ನೆನಪನ್ನು ಕಾಲಕ್ರಮಕ್ಕೆ ಜೋಡಿಸಲು ಜೊತೆಗೆ ಕೂರುವುದು.

ಇದಕ್ಕೆ ಒಂದು ಎ4 ಹಾಳೆ ಸಾಕು. ಅಡ್ಡ ಹಿಡಿದು ಮೂರು ಕಾಲಂ ಎಳೆಯಿರಿ. ಯಾವಾಗ, ಎಲ್ಲಿ, ಅದು ಆ ದಿನವೇ ಅಂತ ಹೇಗೆ ಗೊತ್ತು. ಮೂರನೆಯ ಕಾಲಮ್ಮೇ ಮುಖ್ಯ. ನಮ್ಮ ಹಿರಿಯರು ‘ಶಾಂತಿಸಾಗರ ಕೋಡಿ ಬಿದ್ದ ವರ್ಷ’, ‘ದುಗ್ಗಮ್ಮನ ಜಾತ್ರೆ ಆದ ಮೇಲೆ’ ಅಂತ ಹೇಳುತ್ತಾರಲ್ಲ, ಎಲ್ಲ ಜನರಿಗೂ ಅಂಥ ಗೂಟಗಳಿರುತ್ತವೆ: ರಂಜಾನ್, ಮಳೆಗಾಲ, ಮಗನ ಪರೀಕ್ಷೆ, ಚುನಾವಣೆ. ಗೂಟ ಸಿಕ್ಕ ಮೇಲೆ ತಾರೀಖು ಹುಡುಕಿ. ನೆನಪಿಲ್ಲದ್ದನ್ನು ‘ನೆನಪಿಲ್ಲ’ ಅಂತಲೇ ಬರೆಯಿರಿ. ‘ಸುಮಾರು ಮಾರ್ಚ್’ ಅಂದದ್ದನ್ನು ಚೆಂದ ಕಾಣಲಿ ಅಂತ ‘ಮಾರ್ಚ್ 10’ ಮಾಡಿದರೆ ಎರಡು ವರ್ಷದ ನಂತರ ಸಂದರ್ಶನದಲ್ಲಿ ಅವರು ‘ಮಾರ್ಚ್ ಕೊನೆ’ ಅಂದಾಗ ಅದೇ ಸುಳ್ಳಿನ ಪುರಾವೆಯಾಗಿ ಕೂರುತ್ತದೆ.

ಕ್ಯಾಲೆಂಡರಿನ ವಿಷಯ ಇನ್ನೊಂದಿಷ್ಟು ಬಿಡಿಸಿ ಹೇಳಬೇಕು, ಯಾಕೆಂದರೆ ಹೆಚ್ಚು ಫೈಲು ಎಡವುವುದು ಇಲ್ಲೇ. ಅಫ್ಘಾನಿಸ್ತಾನದವರು ವರ್ಷ ಎಣಿಸುವುದು ಸೌರ ಹಿಜ್ರಿ ಲೆಕ್ಕದಲ್ಲಿ. ವರ್ಷ ಶುರುವಾಗುವುದು ಮಾರ್ಚ್ 21ರ ಸುಮಾರಿಗೆ, ನಮ್ಮ ಯುಗಾದಿಯ ಆಸುಪಾಸು. ತಿಂಗಳ ಹೆಸರು ಕೇಳಿದರೆ ಪಂಚಾಂಗ ನೋಡುವ ನಮ್ಮವರಿಗೆ ಆಶ್ಚರ್ಯವಾಗುತ್ತದೆ. ಹಮಲ್ ಅಂದರೆ ಮೇಷ, ಅಸದ್ ಅಂದರೆ ಸಿಂಹ, ಮೀಜಾನ್ ಅಂದರೆ ತುಲಾ, ದಲ್ವ ಅಂದರೆ ಕುಂಭ. ಹನ್ನೆರಡು ತಿಂಗಳೂ ಹನ್ನೆರಡು ರಾಶಿಗಳೇ. ನಮ್ಮ ಸಂಕ್ರಮಣದ ಲೆಕ್ಕಕ್ಕಿಂತ ಮೂರು ವಾರದಷ್ಟು ಮುಂಚೆ ಶುರುವಾಗುತ್ತವೆ, ಅಷ್ಟೇ ವ್ಯತ್ಯಾಸ. ತಾಲಿಬಾನ್ ಕಾಬೂಲಿಗೆ ನುಗ್ಗಿದ 2021ರ ಆಗಸ್ಟ್ 15 ಅವರ ಲೆಕ್ಕದಲ್ಲಿ 1400ರ ಅಸದ್ 24.

ಅವರ ವರ್ಷಕ್ಕೆ 621 ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆ. ಆದರೆ ಇದು ಡಿಸೆಂಬರ್ 31ರವರೆಗೆ ಮಾತ್ರ ಸರಿ. ಜನವರಿ 1ರಿಂದ ಅವರ ಹೊಸ ವರ್ಷದವರೆಗೆ 622 ಕೂಡಿಸಬೇಕು. ಒಬ್ಬಾಕೆ ‘1400ರ ದಲ್ವದಲ್ಲಿ ತಾಲಿಬಾನಿನವರು ಮನೆಗೆ ಬಂದು ಹೆದರಿಸಿದರು’ ಎನ್ನುತ್ತಾಳೆ ಅಂದುಕೊಳ್ಳಿ. ದಲ್ವ ಬರುವುದು ಜನವರಿ-ಫೆಬ್ರವರಿಯಲ್ಲಿ, ಅಂದರೆ 2022. ಸಹಾಯಕರು ಅವಸರದಲ್ಲಿ 621 ಕೂಡಿಸಿ ‘ಫೆಬ್ರವರಿ 2021’ ಅಂತ ಬರೆದರೆ ಏನಾಗುತ್ತದೆ? ಆಗ ಕಾಬೂಲಿನಲ್ಲಿದ್ದದ್ದು ಹಳೆಯ ಸರ್ಕಾರ. ಇಡೀ ಹೇಳಿಕೆ ಬುಡಮೇಲು. ತಪ್ಪು ಆಕೆಯದಲ್ಲ, ಕೂಡಿಸಿದವರದು. ಇಥಿಯೋಪಿಯಾದವರ ಲೆಕ್ಕದಲ್ಲಿ 13 ತಿಂಗಳು, ಹೊಸ ವರ್ಷ ಸೆಪ್ಟೆಂಬರ್ 11ರ ಸುಮಾರಿಗೆ. ಅಲ್ಲಿಂದ ಡಿಸೆಂಬರ್‌ವರೆಗೆ 7, ಆಮೇಲೆ 8 ಕೂಡಿಸಬೇಕು. ಹಾಗಾಗಿ ಹಾಳೆಯಲ್ಲಿ ಅವರು ಹೇಳಿದ ತಾರೀಖನ್ನು ಮೊದಲು ಬರೆದು, ಪರಿವರ್ತಿಸಿದ್ದನ್ನು ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ.

ಹುಟ್ಟಿದ ದಿನವೂ ಹಾಗೆಯೇ. ಎಷ್ಟೋ ಅಫ್ಘನ್ ಕಾಗದಗಳಲ್ಲಿ ಎಲ್ಲರೂ ಜನವರಿ 1ಕ್ಕೆ ಹುಟ್ಟಿದವರು. ನಗಬೇಡಿ, ನಮ್ಮಲ್ಲಿ ಒಂದು ತಲೆಮಾರು ಪೂರ್ತಿ ಜೂನ್ 1ಕ್ಕೆ ಹುಟ್ಟಿದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ ತಾರೀಖು ಅದು. ಮೊದಲ ಕಾಗದದಲ್ಲಿ ಏನಿದೆಯೋ ಅದೇ ಎಲ್ಲ ಕಡೆ ಇರಲಿ. ಹೆಸರಿಗೂ ಇದೇ ನಿಯಮ. ಬರ್ಮಾದವರಿಗೆ, ಅಂದರೆ ಮ್ಯಾನ್ಮಾರಿನ ಬರ್ಮೀಸರಿಗೆ, ಮನೆತನದ ಹೆಸರು ಇರುವುದಿಲ್ಲ. ಹೆಸರಿನ ಮುಂದೆ ಬರುವ ಊ, ದಾ, ಮಾ ಎಲ್ಲ ನಮ್ಮ ಶ್ರೀ, ಶ್ರೀಮತಿ ಇದ್ದಂತೆ. ಆಸ್ಪತ್ರೆಯ ಚೀಟಿಯಲ್ಲಿ ಅದೇ ಮೊದಲ ಹೆಸರಾಗಿ ಕೂತುಬಿಡುತ್ತದೆ. ಒಂಟಿ ಹೆಸರಿನ ಅಫ್ಘನ್ನರಿಗೆ ಫಾರಂ ತುಂಬುವವರು ಅಪ್ಪನ ಹೆಸರನ್ನು ಒಮ್ಮೆ ಸೇರಿಸುತ್ತಾರೆ, ಒಮ್ಮೆ ಬಿಡುತ್ತಾರೆ. ಯು.ಎನ್. ಕಾರ್ಡಿನ ಸ್ಪೆಲಿಂಗ್ ನಿಮಗೆ ಎಷ್ಟೇ ತಪ್ಪಾಗಿ ಕಾಣಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬಾಡಿಗೆ ಕರಾರಿನಲ್ಲಿ ಅಕ್ಷರಕ್ಕೆ ಅಕ್ಷರ ಅದನ್ನೇ ಇಳಿಸಿ. ತಿದ್ದಬೇಕಿದ್ದರೆ ಕಾರ್ಡ್ ಕೊಟ್ಟ ಕಚೇರಿಯಲ್ಲೇ ತಿದ್ದಿಸಬೇಕು.

ದುಭಾಷಿಯ ಬಗ್ಗೆ. ಭಾಷೆ ಯಾವುದು ಅಂತ ಕೇಳದೆ ದೇಶದ ಹೆಸರು ನೋಡಿ ದುಭಾಷಿಯನ್ನು ಕರೆಯುವುದು ಮಾಮೂಲಿ ತಪ್ಪು. ರೋಹಿಂಗ್ಯಾ ಮಾತು ಚಟಗಾಂವ್ ಬಂಗಾಳಿಗೆ ಹತ್ತಿರ, ಬರ್ಮೀಸ್‌ಗೆ ಅಲ್ಲ. ಚಿನ್ ಅನ್ನುವುದು ಒಂದು ಭಾಷೆಯೇ ಅಲ್ಲ, ಹಾಖಾ, ಫಲಾಮ್, ತೆದಿಮ್ ಅಂತ ಹಲವು. ತುಳು ಮಾತ್ರ ಬಲ್ಲ ಅಜ್ಜಿಗೆ ‘ಕರ್ನಾಟಕದವರಲ್ಲವೇ’ ಅಂತ ಕನ್ನಡದ ದುಭಾಷಿಯನ್ನು ಕೂರಿಸಿದ ಹಾಗೆ. ಮಕ್ಕಳನ್ನು, ಗಂಡನನ್ನು ದುಭಾಷಿ ಮಾಡಬೇಡಿ. ತಾಯಿಯ ಮೇಲೆ ಆದ ಅತ್ಯಾಚಾರವನ್ನು ಹತ್ತು ವರ್ಷದ ಮಗ ಅನುವಾದ ಮಾಡಬೇಕಾಗಿ ಬಂದರೆ ಇಬ್ಬರೂ ಅಲ್ಲಿಗೇ ಬಾಯಿ ಮುಚ್ಚುತ್ತಾರೆ. ದುಭಾಷಿ ‘ನನ್ನನ್ನು ಹೊಡೆದರು’ ಅಂತ ಹೇಳಬೇಕು, ‘ಇವಳನ್ನು ಹೊಡೆದರಂತೆ’ ಅಂತಲ್ಲ. ಆ ‘ಅಂತೆ’ ಇದೆಯಲ್ಲ, ಕನ್ನಡದಲ್ಲಿ ಅದೊಂದೇ ಅನುಮಾನ ತುಂಬಲು ಸಾಕು. ಇನ್ನು ನೀವು ಕುತೂಹಲಕ್ಕೆ ಕಥೆ ಕೇಳಬೇಡಿ. ಹಾಳೆಗೆ ಬೇಕಾದಷ್ಟೇ ಕೇಳಿ. ಅವರ ದೇಶದ ರಾಯಭಾರ ಕಚೇರಿಗೆ ಸಹಾಯ ಕೇಳಿ ಫೋನು ಮಾಡಲೇಬೇಡಿ. ಯಾರಿಂದ ಓಡಿಬಂದರೋ ಅವರಿಗೇ ವಿಳಾಸ ಕೊಟ್ಟಂತಾಗುತ್ತದೆ. ಕಂಬಳಿ ಹಂಚಿದ ಫೋಟೊವನ್ನು ಫೇಸ್‌ಬುಕ್ಕಿಗೆ ಹಾಕುವುದೂ ಇದೇ ಸಾಲಿನದು.

ಕಾಗದ ಇಡುವ ರೀತಿ. ಬಟನ್ ಹಾಕುವ ಪ್ಲಾಸ್ಟಿಕ್ ಫೋಲ್ಡರ್ ಒಂದು, ಮನೆಗೆ ಒಂದಲ್ಲ, ವಯಸ್ಕರಿಗೆ ತಲಾ ಒಂದು. ಗಂಡ ಹೆಂಡತಿ ಬೇರೆಯಾಗುವ ಸಂದರ್ಭ ಬಂದರೆ ಎಲ್ಲ ಕಾಗದವೂ ಒಬ್ಬರ ಕೈಯಲ್ಲಿ ಉಳಿಯಬಾರದು. ಮೇಲೆ ಯು.ಎನ್. ಕಾರ್ಡಿನ ಜೆರಾಕ್ಸ್, ಕೆಳಗೆ ಉಳಿದವು. ಮೂಲ ಪ್ರತಿಯನ್ನು ಯಾರಿಗೂ ಕೊಡಬೇಡಿ, ನೀವು ಒಳ್ಳೆಯವರಾದರೂ ನೀವೂ ಇಟ್ಟುಕೊಳ್ಳಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಮುದ್ರೆ ಒತ್ತಲೂ ಆಗುವುದಿಲ್ಲ, ಅಸಲಿಯೇ ಅಂತ ಪರೀಕ್ಷಿಸಲೂ ಆಗುವುದಿಲ್ಲ. ಮೆಡಿಕಲ್ ಶಾಪಿನ ಬಿಲ್ಲು, ಎ.ಟಿ.ಎಂ. ಚೀಟಿ ಇವೆಲ್ಲ ಶಾಖಕ್ಕೆ ಕಪ್ಪಾಗುವ ಕಾಗದ. ನಮ್ಮ ಏಪ್ರಿಲ್ ಬಿಸಿಲಿಗೆ ತಗಡಿನ ಮನೆಯಲ್ಲಿ ಅಕ್ಷರ ಬೇಗನೆ ಮಾಯ. ಬಂದ ದಿನವೇ ಜೆರಾಕ್ಸ್ ಮಾಡಿಸಿ. ಪ್ರತಿಯೊಂದರ ಫೋಟೊ ತೆಗೆದು ಅವರದೇ ಇಮೇಲಿಗೆ ಕಳಿಸಿಡಿ, ಪಾಸ್‌ವರ್ಡ್ ಅವರಿಗೆ ಬಾಯಿಪಾಠ ಇರಲಿ.

ಫೋನ್ ನಂಬರು ದೊಡ್ಡ ಗಂಡಾಂತರ. ಸಿಮ್‌ಗೆ ಗುರುತಿನ ಚೀಟಿ ಬೇಕು, ಇವರಲ್ಲಿ ಅದಿಲ್ಲ, ಹಾಗಾಗಿ ಪರಿಚಯದವರ ಹೆಸರಿನ ಸಿಮ್ ಬಳಸುತ್ತಾರೆ. ಆ ಪರಿಚಯದವನು ಊರು ಬಿಟ್ಟು ಸಿಮ್ ನಿಂತುಹೋದರೆ ಸಂದರ್ಶನದ ಕರೆ ಬರುವುದು ಸತ್ತ ನಂಬರಿಗೆ. ಬರಲಿಲ್ಲ ಅಂತ ಫೈಲು ಮುಚ್ಚಿ, ಮತ್ತೆ ತೆರೆಸಲು ತಿಂಗಳುಗಟ್ಟಲೆ. ನಂಬರು, ವಿಳಾಸ ಬದಲಾದರೆ ಅದೇ ವಾರ ತಿಳಿಸಿ. ತಿಳಿಸಿದ ಇಮೇಲಿನ ಪ್ರತಿ ಫೋಲ್ಡರಿನಲ್ಲಿರಲಿ.

ಮಗು ಹುಟ್ಟಿದರೆ 21 ದಿನದೊಳಗೆ ನೋಂದಣಿ. 1969ರ ಜನನ ಮರಣ ನೋಂದಣಿ ಕಾಯ್ದೆ ಅಪ್ಪ ಅಮ್ಮ ಯಾವ ದೇಶದವರು ಅಂತ ನೋಡುವುದಿಲ್ಲ, ಹುಟ್ಟಿದ್ದು ಇಲ್ಲಿ ಅನ್ನುವುದಷ್ಟೇ. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯೇ ವರದಿ ಮಾಡುತ್ತದೆ. ಡಿಸ್ಚಾರ್ಜ್ ಆಗುವ ಮೊದಲು ಅಪ್ಪ ಅಮ್ಮನ ಹೆಸರಿನ ಸ್ಪೆಲಿಂಗ್ ನೋಡಿಕೊಳ್ಳಿ. 21 ದಿನ ಮೀರಿದರೆ 30ನೇ ದಿನದವರೆಗೆ ದಂಡ, ವರ್ಷದೊಳಗೆ ಅನುಮತಿ ಮತ್ತು ಸ್ವಯಂ ದೃಢೀಕರಿಸಿದ ಪತ್ರ, ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ. ಜನನ ಪ್ರಮಾಣಪತ್ರದಿಂದ ಪೌರತ್ವ ಬರುವುದಿಲ್ಲ. ಆದರೆ ಈ ಮಗು ಇವರದೇ ಅನ್ನುವುದಕ್ಕೆ ಬೇರೆ ಪುರಾವೆ ಇಲ್ಲ, ಅದಿಲ್ಲದೆ ಅಪ್ಪ ಅಮ್ಮನ ಜೊತೆ ಮಗು ವಿಮಾನ ಹತ್ತುವುದು ಕಷ್ಟ.

ಶಿಕ್ಷಕರಿಗೆ ಎರಡೇ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಮಗುವಿಗೆ ದಾಖಲಾತಿ ನಿರಾಕರಿಸುವಂತಿಲ್ಲ. 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಕನ್ನಡ ಬರುವುದಿಲ್ಲ ಅಂತ ಹನ್ನೆರಡರ ಹುಡುಗಿಯನ್ನು ಒಂದನೇ ತರಗತಿಯಲ್ಲಿ ಕೂರಿಸಿದರೆ ಅವಳು ತಿಂಗಳೊಳಗೆ ಬಿಡುತ್ತಾಳೆ. ದಾಖಲಾತಿ ಪುಸ್ತಕದಲ್ಲಿ ಯು.ಎನ್. ಪತ್ರದ ಹುಟ್ಟಿದ ದಿನವನ್ನೇ ಬರೆಯಿರಿ. ದಯವಿಟ್ಟು ಜೂನ್ 1 ಬೇಡ.

ಇನ್ನು ಮುಂದಿನ ದೇಶದ ವಿಷಯ. ಎಲ್ಲರೂ ಕಾಯುವುದು ಇದಕ್ಕೇ, ಸಿಗುವುದು ಅತಿ ಕಡಿಮೆ ಜನಕ್ಕೆ. ಜಗತ್ತಿನ ನಿರಾಶ್ರಿತರಲ್ಲಿ ಒಂದು ವರ್ಷಕ್ಕೆ ಮೂರನೇ ದೇಶದಲ್ಲಿ ನೆಲೆ ಸಿಗುವುದು ನೂರಕ್ಕೆ ಒಬ್ಬರಿಗೂ ಇಲ್ಲ. ಅರ್ಜಿ ಹಾಕಿ ಪಡೆಯುವ ಸೌಲಭ್ಯವೂ ಅಲ್ಲ. ಹಿಂಸೆಗೆ ಸಿಕ್ಕವರು, ಒಂಟಿ ಹೆಂಗಸರು, ಗಂಭೀರ ಕಾಯಿಲೆಯವರು ಇಂಥವರನ್ನು ಯು.ಎನ್. ತಾನೇ ಗುರುತಿಸಿ ಕಳಿಸುತ್ತದೆ. ಅತಿ ದೊಡ್ಡ ಬಾಗಿಲಾಗಿದ್ದ ಅಮೆರಿಕ 2025ರ ಜನವರಿಯಲ್ಲಿ ತನ್ನ ಕಾರ್ಯಕ್ರಮ ನಿಲ್ಲಿಸಿತು. ಕೆನಡಾದಲ್ಲಿ ಐದು ಜನ ಸೇರಿ ಒಂದು ಕುಟುಂಬವನ್ನು ಕರೆಸಿಕೊಳ್ಳುವ ವ್ಯವಸ್ಥೆ ಇದೆ, ಅದರ ಹೊಸ ಅರ್ಜಿಗಳಿಗೂ 2024ರ ನವೆಂಬರ್ ಕೊನೆಯಲ್ಲಿ ತಡೆ ಬಿತ್ತು.

ಆಯ್ಕೆಯಾದ ಮೇಲೂ ಮೂರು ಗಡಿಯಾರ ಒಟ್ಟಿಗೆ ಓಡುತ್ತವೆ. ಭದ್ರತಾ ತಪಾಸಣೆಗೆ ಒಂದು ಅವಧಿ. ವೈದ್ಯಕೀಯ ತಪಾಸಣೆಗೆ ಇನ್ನೊಂದು. ಭಾರತದಿಂದ ಹೊರಹೋಗಲು ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ (ಎಫ್.ಆರ್.ಆರ್.ಒ.) ಕೊಡುವ ಎಕ್ಸಿಟ್ ಪರ್ಮಿಟ್ ಮೂರನೆಯದು. ಮೂರೂ ಜೀವಂತವಾಗಿರುವ ದಿನವೇ ವಿಮಾನ ಹತ್ತಬೇಕು. ಎಕ್ಸಿಟ್ ಪರ್ಮಿಟ್ ತಡವಾದರೆ ಮೆಡಿಕಲ್ ಅವಧಿ ಮುಗಿಯುತ್ತದೆ, ಅದನ್ನು ಮತ್ತೆ ಮಾಡಿಸುವಾಗ ಕ್ಷಯ ಪತ್ತೆಯಾದರೆ ಚಿಕಿತ್ಸೆ ಮುಗಿಯುವ ತನಕ ಪ್ರಯಾಣವಿಲ್ಲ, ಅಷ್ಟರಲ್ಲಿ ಭದ್ರತಾ ತಪಾಸಣೆ ಹಳತಾಗುತ್ತದೆ. ಎರಡು ವಾರ ಬಿಡದ ಕೆಮ್ಮಿದ್ದರೆ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ ಅನ್ನುವುದು ಅದಕ್ಕೆ. ಔಷಧಿ ಉಚಿತ, ಚಿಕಿತ್ಸೆಗೆ ಸಾಮಾನ್ಯವಾಗಿ ಆರು ತಿಂಗಳು. ನಡುವೆ ಮದುವೆಯಾದರೆ, ಮಗು ಹುಟ್ಟಿದರೆ ಮುಚ್ಚಿಡಬಾರದು. ಫೈಲು ತಡವಾಗುತ್ತದೆ ಅಂತ ಎಷ್ಟೋ ಜನ ಹೇಳುವುದಿಲ್ಲ. ಕೆನಡಾದಂಥ ದೇಶದಲ್ಲಿ ಮೊದಲು ಹೇಳದ ಹೆಂಡತಿ ಮಕ್ಕಳನ್ನು ಆಮೇಲೆ ಕರೆಸಿಕೊಳ್ಳಲು ನಿಯಮವೇ ಅಡ್ಡ ಬರಬಹುದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರು ನಾಲ್ಕನ್ನು ಇಲ್ಲಿ ಕೊಟ್ಟಿದೆ.

ಇಂಥವರಿಗೆ ಮನೆ ಬಾಡಿಗೆಗೆ ಕೊಟ್ಟರೆ ನಮಗೆ ತೊಂದರೆಯಾಗುತ್ತದೆಯೇ ಎಂದು ಒಬ್ಬರು ಕೇಳಿದರು. ಮುಚ್ಚಿಟ್ಟರೆ ಆಗುತ್ತದೆ. ವಿದೇಶಿಯರಿಗೆ ಇರಲು ಜಾಗ ಕೊಟ್ಟವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ತಿಳಿಸಬೇಕು, ಹಿಂದೆ ಇದಕ್ಕೆ ‘ಸಿ ಫಾರಂ’ ಅನ್ನುತ್ತಿದ್ದರು. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಎಸ್.ಪಿ.ಯವರೇ. ತಿಳಿಸಿದ ಪ್ರತಿಯನ್ನು ಇಟ್ಟುಕೊಳ್ಳಿ, ಬಾಡಿಗೆ ಕರಾರು ಬರವಣಿಗೆಯಲ್ಲೇ ಇರಲಿ. ಅದು ನಿಮಗೂ ರಕ್ಷಣೆ, ಅವರಿಗೂ ವಿಳಾಸದ ಪುರಾವೆ.

ಕೆಲಸ ಕೊಡಬಹುದೇ? ದೀರ್ಘಾವಧಿ ವೀಸಾ ಇದ್ದವರಿಗೆ ಖಾಸಗಿ ಕೆಲಸಕ್ಕೆ ಅವಕಾಶವಿದೆ. 2011ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಇದರ ಕ್ರಮ ಗೊತ್ತುಮಾಡಿತು. ವರ್ಷಕ್ಕೊಮ್ಮೆ ನವೀಕರಣ, ಹೆಚ್ಚೆಂದರೆ ಐದು ವರ್ಷ. ಅದಿಲ್ಲದವರು ಕದ್ದುಮುಚ್ಚಿ ದುಡಿಯುತ್ತಾರೆ, ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ಇಲ್ಲಿನ ಕೂಲಿಗೇ ನ್ಯಾಯ ಸಿಗದಿರುವಾಗ ಅವರ ಪಾಡು ಹೇಳಬೇಕಿಲ್ಲ. ‘ನಂಬಿಕೆಗಿರಲಿ’ ಅಂತ ಅವರ ಕಾರ್ಡು ಅಡವಿಟ್ಟುಕೊಳ್ಳುವ ಮಾಲೀಕನ ವಿರುದ್ಧ ದೂರು ಕೊಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟ್ ಆವರಣದಲ್ಲೇ ಇದೆ, ಸಹಾಯವಾಣಿ 15100. ಹೆಂಗಸರು, ಮಕ್ಕಳು, ಬಂಧನದಲ್ಲಿರುವವರು, ಮಾನವ ಸಾಗಣೆಗೆ ಬಲಿಯಾದವರು, ಇವರಿಗೆಲ್ಲ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಉಚಿತ ವಕೀಲರು ಉಂಟು, ಆ ಸೆಕ್ಷನ್ನೂ ನಾಗರಿಕ ಅನ್ನುವುದಿಲ್ಲ.

ನಮ್ಮ ಬಡವರಿಗೇ ಇಲ್ಲ, ಇವರಿಗೆ ಯಾಕೆ? ಈ ಪ್ರಶ್ನೆ ಎಲ್ಲ ಕಡೆ ಬರುತ್ತದೆ, ಕೇಳಿದವರ ಮೇಲೆ ಸಿಟ್ಟಾಗಬೇಕಿಲ್ಲ. ಇವತ್ತು ಹೇಳಿದ್ದರಲ್ಲಿ ಯಾವುದಕ್ಕೂ ಯಾರ ಪಡಿತರವನ್ನೂ ಕಡಿತ ಮಾಡಬೇಕಿಲ್ಲ. ಎ4 ಹಾಳೆ, ಪೆನ್ಸಿಲ್, ವಾರಕ್ಕೆ ಎರಡು ತಾಸು.

ಕೊನೆಯ ಪ್ರಶ್ನೆ, ಹೊರಡುವ ದಿನ ಏನು ನೋಡಬೇಕು ಅನ್ನುವುದು. ಮಕ್ಕಳ ಟಿ.ಸಿ., ಅಂಕಪಟ್ಟಿ, ಲಸಿಕೆಯ ತಾಯಿ ಕಾರ್ಡ್ ಮೊದಲೇ ತೆಗೆದಿಡಿ, ಆಮೇಲೆ ವಿದೇಶದಿಂದ ತರಿಸುವುದು ತ್ರಾಸ. ಅಂತರರಾಷ್ಟ್ರೀಯ ವಲಸೆ ಸಂಸ್ಥೆಯ ಹೆಸರು ಬರೆದ ಬಿಳಿ ಪ್ಲಾಸ್ಟಿಕ್ ಚೀಲ ಕೊಡುತ್ತಾರೆ, ಎಕ್ಸ್-ರೇ ಮತ್ತು ಎಲ್ಲ ಕಾಗದ ಅದರಲ್ಲೇ, ಕೈಯಲ್ಲೇ. ಲಗೇಜಿಗೆ ಹಾಕಬಾರದು. ಟಿಕೆಟ್ಟಿನ ಹಣ ಕೆಲವು ದೇಶಗಳಲ್ಲಿ ಸಾಲ, ಅಲ್ಲಿ ದುಡಿದು ತೀರಿಸಬೇಕು ಅಂತ ಮೊದಲೇ ಬಿಡಿಸಿ ಹೇಳಿ. ಮನೆ ಮಾಲೀಕರಿಂದ ಅಡ್ವಾನ್ಸ್ ಹಿಂದಿನ ದಿನವೇ ವಾಪಸ್ ಪಡೆಯಿರಿ, ವಿಮಾನ ಏರಿದ ಮೇಲೆ ಅದು ಬಂದ ಉದಾಹರಣೆ ಕಡಿಮೆ. ಸ್ಟೌವು, ಚಾಪೆ, ಪಾತ್ರೆಗಳನ್ನು ಸಾಮಾನ್ಯವಾಗಿ ಪಕ್ಕದ ಕೋಣೆಯವರಿಗೆ ಕೊಟ್ಟು ಹೋಗುತ್ತಾರೆ. ಆ ಪಾತ್ರೆ ಹೊತ್ತು ನೀವು ಪಕ್ಕದ ಕೋಣೆಗೆ ಹೋದಾಗ ಅಲ್ಲಿನವರ ಕಾರ್ಡಿನ ಅವಧಿ ಎಂದು ಮುಗಿಯುತ್ತದೆ ಅಂತ ಕೇಳಿ ಬರೆದುಕೊಳ್ಳಿ. ಫೋನ್ ನಂಬರು ಯಾರ ಹೆಸರಿನಲ್ಲಿದೆ ಅಂತಲೂ ಕೇಳಿ.